ಆ ನೋವಿಗೊಂದು ಹೆಸರಿತ್ತು

ಜುಲೈ ೧೪, ಭಾನುವಾರ

ರೀ,

ಹೀಗೆ ಕರೆಯುವ ಹಕ್ಕು ಈಗ ಬೇರೊಬ್ಬರದು ಎಂದು ಗೊತ್ತು. ಆದರೆ ಬೇರೆ ಏನೆಂದು ಕರೆಯಲಿ? ಸಂಸಾರ ಮಾಡಿದಷ್ಟು ದಿನವೂ ಕರೆದದ್ದು ಹಾಗೆಯೇ. ‘ಮಾನ್ಯರೇ’ ಎಂದು ಬರೆದು ನೋಡಿದೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಅರ್ಜಿ ಬರೆದ ಹಾಗಾಯಿತು. ಹೊಡೆದುಹಾಕಿದೆ.

ನಿಮ್ಮ ಪತ್ರ ತಲುಪಿತು. ಮಗಳು ಹುಟ್ಟಿದ ಸುದ್ದಿ ಓದಿ ಖುಷಿಯಾಯಿತು. ಅದರ ಕೆಳಗಿನದನ್ನು ಓದಿದ ಮೇಲೆ ಮಾತ್ರ ಹೊಲಿಗೆ ಯಂತ್ರದ ಮುಂದೆ ಕೂತರೂ ಕೈ ಓಡಲಿಲ್ಲ. ಮಗುವನ್ನು ಎತ್ತಿಕೊಂಡಾಗಲೆಲ್ಲ ನನ್ನ ನೆನಪಾಗುತ್ತದೆ, ನಿಮ್ಮಿಂದ ಒಬ್ಬ ಹೆಣ್ಣುಮಗಳಿಗೆ ಹಿಂಸೆಯಾಯಿತು, ಸಾಧ್ಯವಾದರೆ ಕ್ಷಮಿಸು ಎಂದು ಬರೆದಿದ್ದೀರಿ. ಇಷ್ಟು ವರ್ಷ ಇದನ್ನು ಹೊತ್ತುಕೊಂಡೇ ತಿರುಗಿದಿರಾ?

ಕ್ಷಮಿಸುವಂಥದ್ದು ಏನೂ ನಡೆದಿಲ್ಲ. ಬಾಯಿಮಾತಿಗೆ ಹೇಳುತ್ತಿಲ್ಲ. ಈಗ ನನಗೆ ತಿಳಿದಿರುವುದನ್ನು ಹೇಳಿದರೆ ನಿಮ್ಮ ಮನಸ್ಸು ಹಗುರವಾಗುತ್ತದೋ, ಇನ್ನಷ್ಟು ಸಂಕಟವಾಗುತ್ತದೋ ಗೊತ್ತಿಲ್ಲ. ಆದರೂ ಹೇಳಿಬಿಡುತ್ತೇನೆ.

ಬಣ್ಣದಂಗಡಿಯ ಮೇಲಿನ ಆ ಎರಡು ಕೋಣೆಗಳನ್ನು ನೆನಪಿಸಿಕೊಳ್ಳಿ. ಕಿಟಕಿ ತೆಗೆದರೆ ಟರ್ಪೆಂಟೈನ್ ವಾಸನೆ, ಮುಚ್ಚಿದರೆ ಸೆಕೆ. ಮದುವೆಗೆ ಮುಂಚೆ ನನಗೆ ಸಿಕ್ಕಿದ್ದ ತಿಳುವಳಿಕೆ ಚಿಕ್ಕಮ್ಮ ಕಿವಿಯಲ್ಲಿ ಪಿಸುಗುಟ್ಟಿದ್ದು ಮಾತ್ರ: ಮೊದಮೊದಲು ನೋವಾಗುತ್ತದೆ, ಹಲ್ಲುಕಚ್ಚಿಕೊಂಡು ಸುಮ್ಮನಿರು. ನಿಮಗೆ ನಿಮ್ಮ ಗೆಳೆಯರು ಹೇಳಿಕೊಟ್ಟದ್ದು ಅದಕ್ಕಿಂತ ದೊಡ್ಡ ಪೆದ್ದುತನ. ಹಾಗೆ ಎರಡು ದಡ್ಡ ಜೀವಗಳನ್ನು ಒಂದು ಕೋಣೆಗೆ ಕಳಿಸಿ ಎಲ್ಲರೂ ಕೈ ತೊಳೆದುಕೊಂಡರು.

ನೀವು ನನಗೆ ಬೇಡವಾಗಿದ್ದಿರಿ ಎಂದುಕೊಂಡಿದ್ದರೆ ಆ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ಸಂಜೆ ನೀವು ಕನ್ನಡಕದಂಗಡಿ ಮುಚ್ಚಿ ಬರುವ ಹೊತ್ತಿಗೆ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದೆ. ಬೇಡದ ಗಂಡನಿಗಾಗಿ ಯಾರೂ ಹಾಗೆ ಕಾಯುವುದಿಲ್ಲ. ಆದರೆ ನೀವು ಹತ್ತಿರ ಬಂದ ಕೂಡಲೇ ಮೈ ಕೊರಡಾಗುತ್ತಿತ್ತು. ಅಲ್ಲಿ ದಾರಿಯೇ ಇಲ್ಲವೇನೋ, ಗೋಡೆ ಎದ್ದಿದೆಯೇನೋ ಅನ್ನುವ ಹಾಗೆ. ಅದರ ಮೇಲೆ ಬೆಂಕಿಯಂಥ ಉರಿ. ಒಮ್ಮೆ ನಾನು ದಿಂಬಿನ ಅಂಚು ಕಚ್ಚಿ ಹಿಡಿದದ್ದು ನಿಮಗೆ ಕಂಡುಬಿಟ್ಟಿತು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದಿರಿ. ವಾಪಸು ಬಂದವರು ಗೋಡೆ ಕಡೆಗೆ ತಿರುಗಿ ಮಲಗಿದಿರಿ. ಆಮೇಲೆ ಯಾವತ್ತೂ ಬಲವಂತ ಮಾಡಲಿಲ್ಲ. ಕೊನೆಕೊನೆಗೆ ಕೈ ತಾಗಿಸುವುದನ್ನೂ ಬಿಟ್ಟಿರಿ. ನಿಮಗೆ ನನ್ನನ್ನು ಕಂಡರೆ ಅಸಹ್ಯ ಅಂದುಕೊಂಡೆ ನಾನು. ನಿಮ್ಮಲ್ಲೇ ಏನೋ ಒರಟುತನ ಇದೆ ಅಂದುಕೊಂಡಿರಿ ನೀವು. ಒಬ್ಬರಾದರೂ ಬಾಯಿ ಬಿಟ್ಟು ಕೇಳಲಿಲ್ಲ.

ಆಸ್ಪತ್ರೆಗೂ ಹೋದೆವಲ್ಲ. ಪರೀಕ್ಷೆಗೆ ಕೈ ತಾಗಿದೊಡನೆ ನಾನು ಸೆಟೆದುಕೊಂಡೆ. ಆ ಡಾಕ್ಟರಮ್ಮ ಪರದೆಯಾಚೆ ಜನ ಕೂತಿರುವಾಗಲೇ, ಇಷ್ಟಕ್ಕೇ ಹೀಗೆ ಹೆದರಿದರೆ ಹೆರಿಗೆ ಹೇಗಮ್ಮ ಮಾಡ್ಕೊಳ್ತೀಯ ಎಂದು ರೇಗಿದರು. ನಾಲ್ಕು ದಿನ ಎಲ್ಲಾದರೂ ಪ್ರವಾಸ ಹೋಗಿಬನ್ನಿ ಎಂದು ನಿಮಗೆ ಉಪದೇಶ ಮಾಡಿ ಕಳಿಸಿದರು. ಬಸ್ಸಿನಲ್ಲಿ ಇಬ್ಬರೂ ಎರಡು ಕಿಟಕಿಗಳಿಂದ ಹೊರಗೆ ನೋಡುತ್ತ ಬಂದೆವು.

ಅತ್ತೆ ಬಂದಾಗಲೆಲ್ಲ ವಿಶೇಷವೇನಾದರೂ ಉಂಟೇ ಎಂದು ಕೇಳುತ್ತಿದ್ದರು. ಒಂದು ದಿನ ಬಂಜೆ ಅನ್ನುವ ಮಾತು ಅವರ ಬಾಯಿಂದ ಬಂದೇಬಿಟ್ಟಿತು. ನಾನು ಒಲೆಯ ಮುಂದಿದ್ದೆ. ನೀವು ಕೂತಲ್ಲಿಂದ ಏಳದೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: “ಅವಳನ್ನ ಏನೂ ಅನ್ಬೇಡಮ್ಮ. ಕೊರತೆ ಇರೋದು ನನ್ನಲ್ಲಿ.” ಯಾವ ಗಂಡಸು ಆಡುತ್ತಾನೆ ಆ ಮಾತನ್ನು?

ನ್ಯಾಯಾಲಯದಲ್ಲಿ ಬೇರೆಯಾಗಲು ಕಾರಣ ಕೇಳಿದಾಗ ಇಬ್ಬರೂ ಹೊಂದಾಣಿಕೆಯಿಲ್ಲ ಅಂದೆವು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ನನ್ನ ಕನ್ನಡಕ ಜಾರುತ್ತಿರುವುದು ಕಂಡು ಕೈ ಚಾಚಿದಿರಿ. ಜೇಬಿನಿಂದ ಪುಟ್ಟ ತಿರುಪುಳಿ ತೆಗೆದು ಸ್ಕ್ರೂ ಬಿಗಿ ಮಾಡಿ, ಗಾಜು ಒರೆಸಿ ಕೊಟ್ಟು, ಇನ್ನು ಬರ್ತೀನಿ ಅಂದು ಹೋದಿರಿ. ಹೊಂದಾಣಿಕೆಯಿಲ್ಲದ ಗಂಡಹೆಂಡಿರು ನಾವು.

ಹೋದ ವರ್ಷ ಹೊಟ್ಟೆನೋವೆಂದು ಬೇರೊಬ್ಬ ಡಾಕ್ಟರ ಬಳಿ ಹೋಗಬೇಕಾಯಿತು. ಒಳಗಿನ ಪರೀಕ್ಷೆಗೆ ಮಲಗಿಸಿದರು. ಮತ್ತೆ ಅದೇ ಕೊರಡು, ಅದೇ ಉರಿ. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿಕೊಂಡೆ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು, ಕಾಲಿನ ಮೇಲೆ ಬಟ್ಟೆ ಹೊದಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ಅಷ್ಟು ವರ್ಷಗಳದ್ದು ಒಂದೇ ಉಸಿರಿಗೆ ಬಂತು.

ಅದಕ್ಕೊಂದು ಹೆಸರಿದೆ, ವೆಜೈನಿಸ್ಮಸ್ ಅನ್ನುತ್ತಾರೆ ಎಂದರು. ಅಲ್ಲಿನ ಸ್ನಾಯುಗಳು ನಾವು ಹೇಳದೆಯೇ ಬಿಗಿದುಕೊಳ್ಳುತ್ತವಂತೆ. ಹೀಗಾಗುವ ಹೆಂಗಸರು ಬೇಕಾದಷ್ಟು ಜನ ಇದ್ದಾರಂತೆ, ಹೇಳಿಕೊಳ್ಳುವವರು ಕಡಿಮೆ. ನಾನು ಬೇಡ ಅಂದುಕೊಂಡಿರಲಿಲ್ಲ ಡಾಕ್ಟರೇ ಅಂದೆ. ಆಕೆ ಹೇಳಿದರು: “ನೀವು ಬೇಡ ಅನ್ನಲಿಲ್ಲಮ್ಮ. ಕಣ್ಣಿನ ಹತ್ರ ಏನಾದ್ರೂ ಬಂದ್ರೆ ರೆಪ್ಪೆ ತಾನಾಗೇ ಮುಚ್ಕೊಳ್ಳಲ್ವಾ, ಹಾಗೆ ಇದು.”

ನನಗೆ ಅಲ್ಲೇ ಅಳು ಬಂತು, ರೀ. ನಿಮ್ಮ ಅಂಗಡಿಗೆ ಬಂದಿದ್ದ ಆ ಕಾಲೇಜು ಹುಡುಗಿ ನೆನಪಿದ್ದಾಳೆಯೇ? ಕಣ್ಣೊಳಗೆ ಲೆನ್ಸ್ ಇಡಹೋದರೆ ರೆಪ್ಪೆ ಟಪ್ಪೆಂದು ಮುಚ್ಚುತ್ತಿತ್ತು. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು. ನಾನು ಊಟದ ಡಬ್ಬಿ ತಂದಿದ್ದೆ. ಊಟ ಆರಿದರೂ ನೀವು ಎದ್ದಿರಲಿಲ್ಲ. ಅದು ನಿಮ್ಮ ತಪ್ಪಲ್ಲ, ಆತುರವಿಲ್ಲ, ಮೊದಲು ಬೆರಳಿಗೆ ಕಣ್ಣನ್ನು ರೂಢಿ ಮಾಡಿಸೋಣ ಎಂದು ಹೇಳುತ್ತಲೇ ಇದ್ದಿರಿ. ಸಂಜೆಗೆ ಅವಳು ಲೆನ್ಸ್ ಹಾಕಿಕೊಂಡು ನಗುತ್ತ ಹೋದಳು. ನನಗೆ ಬೇಕಾಗಿದ್ದುದು ಅಷ್ಟೇ. ಅಂಥ ತಾಳ್ಮೆಯ ಮನುಷ್ಯನನ್ನು ಮನೆಯಲ್ಲೇ ಇಟ್ಟುಕೊಂಡು ನಾನು ಸೋತೆ, ನೀವೂ ಸೋತಿರಿ; ಏಕೆಂದರೆ ಇದೂ ಅಂಥದ್ದೇ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಚಿಕಿತ್ಸೆ ಎಂದರೆ ಬೆಟ್ಟ ಅಗೆಯುವಂಥದ್ದೇನಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರು ಉಸಿರಾಟ, ಸ್ನಾಯು ಬಿಗಿ ಹಿಡಿದು ಸಡಿಲ ಬಿಡುವುದು ಕಲಿಸಿದರು. ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ನಯವಾದ ಕೊಳವೆಗಳಿಂದ, ನನ್ನದೇ ಕೈಯಲ್ಲಿ, ಮೆಲ್ಲಮೆಲ್ಲಗೆ ಅಭ್ಯಾಸ. ಕೆಲವು ವಾರ ಮುಂದಕ್ಕೆ, ಕೆಲವು ವಾರ ಹಿಂದಕ್ಕೆ. ಕೆಲವೇ ತಿಂಗಳಲ್ಲಿ ಗುಣವಾಯಿತು. ಅವರ ಚಿಕಿತ್ಸಾಲಯ ಎಲ್ಲಿದೆ ಗೊತ್ತೇ? ಬಣ್ಣದಂಗಡಿಯ ಹಿಂದಿನ ಬೀದಿಯಲ್ಲಿ. ತರಕಾರಿ ಚೀಲ ಹಿಡಿದು ಇಬ್ಬರೂ ಅದರ ಮುಂದೆಯೇ ಓಡಾಡಿದ್ದೇವೆ. ಕೈಕಾಲು ಮುರಿದವರು ಹೋಗುವ ಜಾಗ ಅಂದುಕೊಂಡಿದ್ದೆವು.

ನಿಮ್ಮ ಮಗಳು ಬೆಳೆದಾಗ ಒಂದು ಉಪಕಾರ ಮಾಡಿ. ಮುಟ್ಟು, ಮೈ, ಆಸೆ, ಹೆದರಿಕೆ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿ. ಅಮ್ಮ ಹೇಳಲಿ ಎಂದು ನೀವು ಪೇಪರ್ ಹಿಡಿದು ಎದ್ದುಹೋಗಬೇಡಿ. ಚಿಕ್ಕಮ್ಮಂದಿರ ಪಿಸುಮಾತಿಗಂತೂ ಬಿಡಲೇಬೇಡಿ. ನೋವಾದರೆ ಕೇಳು, ನಾಚಬೇಡ ಎಂದು ಅವಳಿಗೆ ಮನೆಯಲ್ಲೇ ಗೊತ್ತಾಗಲಿ.

ಈ ಪತ್ರವನ್ನು ನಿಮ್ಮ ಮನೆಯವರಿಗೆ ತೋರಿಸಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಇನ್ನು ಆ ಹೊರೆ ಇಳಿಸಿ, ಮಗುವನ್ನು ನಿಶ್ಚಿಂತೆಯಿಂದ ಎತ್ತಿಕೊಳ್ಳಿ.

ನಿಮ್ಮ ಮೇಲೆ ಯಾವ ದೂರೂ ಇಲ್ಲದ,
ಟೈಲರ್ ಅಂಗಡಿಯವಳು

ಮರೆತದ್ದು: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಓದಿ ಹರಿದುಹಾಕಿ. ಚಿಕಿತ್ಸೆ ಮುಗಿದ ದಿನ ಹೊಸ ಸೀರೆ ಉಟ್ಟು ನಿಮ್ಮ ಅಂಗಡಿಯ ತನಕ ಬಂದಿದ್ದೆ. ನೀವು ಮತ್ತೆ ಮದುವೆಯಾದದ್ದು ನನಗೆ ತಿಳಿದಿರಲಿಲ್ಲ. ತುಂಬು ಬಸುರಿಯೊಬ್ಬರು ಗಾಜಿನ ಕಪಾಟು ಒರೆಸುತ್ತಿದ್ದರು. ನೀವು ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಕುರ್ಚಿ ತೋರಿಸಿದಿರಿ. ನಾನು ರಸ್ತೆಯ ಈಚೆಯಿಂದಲೇ ಹಿಂತಿರುಗಿದೆ.