ಹನ್ನೆರಡನೆಯ ಸೀಟು

ಬರ್ಮಿಂಗ್‌ಹ್ಯಾಮ್,
ಹದಿಮೂರನೆಯ ತಿಂಗಳ ಇಪ್ಪತ್ತು, 2190

ನನ್ನ ಅಜ್ಜಿಯ ಅಜ್ಜಿಯಾದ ಮೈತ್ರೇಯಿಯವರಿಗೆ,

ಈ ಪತ್ರ ಓದುವ ನಿಮಗೆ ಇಪ್ಪತ್ತೆರಡು ವರ್ಷ, ಬರೆಯುವ ನನಗೆ ಐವತ್ತೆಂಟು. ಆಶೀರ್ವಾದ ಬೇಡಲೋ ಮಾಡಲೋ ತಿಳಿಯದೆ ನಮಸ್ಕಾರವೆಂದೇ ಬರೆಯುತ್ತಿದ್ದೇನೆ. ತಾರೀಖು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ಹದಿಮೂರನೆಯದನ್ನು ಕಟ್ಟಿದ್ದಾರೆ. ಆಗ ಊರಿಗೆ ನೀರು ಬಿಡುವುದಿಲ್ಲ. ಆ ತಿಂಗಳನ್ನು ಬರಿದು ಎನ್ನುತ್ತೇವೆ. ಭಾಷೆ ಒರಟಾಗಿದ್ದರೆ ಅದಕ್ಕೂ ಕ್ಷಮೆಯಿರಲಿ. ನಮ್ಮ ಮನೆಯಲ್ಲಿ ತಾಯಿ ಮಗಳಿಗೆ ಕೊಡುತ್ತ ಬಂದ ನಿಮ್ಮ ನೋಟ್‌ಬುಕ್ಕೇ ನಮಗೆ ಕನ್ನಡದ ಪಾಠಪುಸ್ತಕ, ಬೇರೆ ಗುರುಗಳಿಲ್ಲ.

ಕ್ಷಮೆ ಕೇಳುವುದು ನನ್ನ ಕಸುಬು ಕೂಡ. ನಗಬೇಡಿ, ಅದಕ್ಕೆ ಮೂರು ವರ್ಷದ ಪದವಿಯಿದೆ. ಈ ಊರಿನಲ್ಲಿ ಹದಿನೇಳು ತುಂಬಿದವರಿಗೆ ಈಗ ಉಳಿದಿರುವ ಓದು ಮೂರೇ. ಒಪ್ಪಿಸುಶಾಲೆಯಲ್ಲಿ ಯಂತ್ರ ಹೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಲು ಕಲಿಸುತ್ತಾರೆ. ತಿರುವುಶಾಲೆಯಲ್ಲಿ ನೀರಿನ ಕೊಳವೆಗಳ ಯಾವ ಚಕ್ರವನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಬಾಯಿಪಾಠ ಮಾಡಿಸುತ್ತಾರೆ. ಮೂರನೆಯದು ನಾನು ಕಲಿಸುವ ಕ್ಷಮೆಶಾಲೆ. ನೀರು ಬರದ ಮನೆಗಳ ಬಾಗಿಲು ತಟ್ಟಿ, ಮೂರು ವಾಕ್ಯ ಹೇಳಿ, ಜಗಳವಾಗದಂತೆ ಹಿಂತಿರುಗುವುದು ಅಲ್ಲಿಯ ವಿದ್ಯೆ. ಆ ವಾಕ್ಯಗಳು ಇವು: "ನಿಮ್ಮ ನೋವು ನಮಗೆ ತಿಳಿದಿದೆ. ಆಗಬೇಕಾದದ್ದೆಲ್ಲ ಆಗುತ್ತಿದೆ. ದಯವಿಟ್ಟು ಬಾಗಿಲು ಹಾಕಿಕೊಳ್ಳಿ." ಎರಡನೆಯ ವಾಕ್ಯ ಹೇಳುವಾಗ ಎದುರಿಗಿರುವವರ ಕೈಗಳನ್ನು ನೋಡಬೇಕು, ಕಣ್ಣನ್ನಲ್ಲ. ಮೂರರಲ್ಲಿ ಈ ಶಾಲೆಯ ಸೀಟಿಗೇ ನೂಕುನುಗ್ಗಲು.

ಅಕ್ಕಿ ತೊಳೆದ ನೀರಿನಲ್ಲಿ ನಾವು ಬೇಳೆ ಬೇಯಿಸುತ್ತೇವೆ. ಮುಖ ತೊಳೆದದ್ದು ನೆಲ ಒರೆಸುವುದಕ್ಕೆ, ನೆಲ ಒರೆಸಿದ್ದು ಗಿಡಕ್ಕೆ. ಇದು ಅಭ್ಯಾಸವಾಗಿ ಹೋಗಿದೆ, ಇದರ ಬಗ್ಗೆ ದೂರಿಲ್ಲ.

ನನ್ನ ಒಬ್ಬಳೇ ಮಗಳು ಚೆಲುವಿಗೆ ಮಾತ್ರ ಯಾವುದೂ ಅಭ್ಯಾಸವಾಗಲಿಲ್ಲ. ತಿರುವುಶಾಲೆಗೆ ಸೇರಿದ ಎರಡನೆಯ ದಿನವೇ, ಚಕ್ರವನ್ನು ಏಳು ಸುತ್ತು ಏಕೆ ತಿರುಗಿಸಬೇಕು, ಆರಾದರೆ ಏನಾಗುತ್ತದೆ ಎಂದು ಕೇಳಿದಳು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೆಸರು ಹೊಡೆದುಹಾಕಿ ಮನೆಗೆ ಕಳಿಸಿದರು. ಈ ವರ್ಷ ಬರಿದಿಗೆ ಎರಡು ತಿಂಗಳು ಮೊದಲೇ ನೀರು ನಿಂತಿತು. ತಿರುವುಗಾರರು ಏಳು ಸುತ್ತು ತಿರುಗಿಸಿದರು, ಮತ್ತೆ ಏಳು ಸುತ್ತಿದರು. ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಹತ್ತೊಂಬತ್ತು ದಿನಗಳ ಹಿಂದೆ ಚೆಲುವಿ ಒಂದು ದೀಪವನ್ನೂ ನಿಮ್ಮ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು, "ಅಮ್ಮ, ನೋಡಿ ಬರ್ತೀನಿ ಅಷ್ಟೇ" ಎಂದು ಕೊಳವೆಯ ಸುರಂಗಕ್ಕೆ ಇಳಿದಳು. ಮೂರನೆಯ ದಿನ ಊರಿನ ನಲ್ಲಿಗಳಲ್ಲಿ ಕಾಲು ಗಂಟೆ ಕೆಂಪು ನೀರು ಬಂತು. ಎಲ್ಲರೂ ಕೊಡ ಹಿಡಿದರು. ನಾನೂ ಹಿಡಿದೆ. ಆಮೇಲೆ ಹೊಳೆಯಿತು, ಒಳಗೆ ಏನನ್ನೋ ತೆರೆದವಳು ಅವಳೇ ಇರಬೇಕು. ಅವಳು ಹೊರಗೆ ಬರಲಿಲ್ಲ.

ಇಂದು ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ನನ್ನ ಹಳೆಯ ವಿದ್ಯಾರ್ಥಿನಿ ಬಂದಿದ್ದಳು, ನೀರಿಗಲ್ಲ, ಚೆಲುವಿಗಾಗಿ. ಮೂರೂ ವಾಕ್ಯಗಳನ್ನು ಚೆನ್ನಾಗಿಯೇ ಹೇಳಿದಳು. ಎರಡನೆಯದಕ್ಕೆ ನನ್ನ ಕೈಗಳನ್ನು ನೋಡಿದಳು. ನಾನು ಕಲಿಸಿದ್ದಕ್ಕೆ ನನಗೇ ಹೇಸಿಗೆಯಾಯಿತು.

ನೋಟ್‌ಬುಕ್ ಹೋದರೂ ಅದರ ಒಂದು ಪುಟ ನನಗೆ ಬಾಯಿಗೆ ಬರುತ್ತದೆ. ಈ ಊರಿಗೆ ಓದಲು ಬರುವ ಮುನ್ನ ಯಾವ ಕಾಲೇಜು, ಯಾವ ಕೋರ್ಸು, ಹಾಸ್ಟೆಲಿನಿಂದ ಬಸ್ಸು ಎಷ್ಟು ದೂರ ಎಂದು ನೀವು ಗೆರೆ ಎಳೆದು ಬರೆದುಕೊಂಡ ಪುಟ ಅದು. ಎಷ್ಟೊಂದು ಓದುಗಳಿದ್ದವು ನಿಮಗೆ, ಓದುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ನಾಲ್ಕನೆಯ ಸಾಲಿನಲ್ಲಿ ನೀರು ಸರಬರಾಜಿನ ಎಂಜಿನಿಯರಿಂಗ್ ಇದೆ. ಪಕ್ಕದಲ್ಲಿ, ಹನ್ನೊಂದು ಜನ ಸೇರಿದ್ದಾರೆ, ಹನ್ನೆರಡಾಗದಿದ್ದರೆ ಕೋರ್ಸ್ ಮುಚ್ಚುತ್ತಾರಂತೆ, ಎಂದು ಬರೆದಿದ್ದೀರಿ. ಅದರ ಕೆಳಗೆ ದಾವಣಗೆರೆಯಿಂದ ನಿಮ್ಮ ಚಿಕ್ಕಪ್ಪ ಫೋನಿನಲ್ಲಿ ಹೇಳಿದ ಮಾತಿದೆ: "ಅಷ್ಟು ದೂರ ಹೋಗಿ ನಲ್ಲಿ ರಿಪೇರಿ ಕಲ್ತು ಬರ್ತೀಯೇನವ್ವಾ?" ನೀವು ಈವೆಂಟ್ ಮ್ಯಾನೇಜ್‌ಮೆಂಟಿಗೆ ಗುರುತು ಹಾಕಿದಿರಿ. ನೀರಿನ ಕೋರ್ಸು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಬೇರೆ ಊರುಗಳಲ್ಲೂ ಒಂದೊಂದಾಗಿ ಹೀಗೇ ಮುಚ್ಚಿದವೆಂದು ಕೇಳಿದ್ದೇನೆ. ನಿಮ್ಮೊಬ್ಬರ ತಪ್ಪೆಂದು ನಾನು ಹೇಳಲಾರೆ. ಆದರೆ ನನಗೆ ಹೆಸರು ಗೊತ್ತಿರುವುದು ನಿಮ್ಮೊಬ್ಬರದೇ.

ಈ ಪತ್ರ ತಲುಪುವ ದಾರಿ ನನಗೆ ತಿಳಿಯದು. ತಲುಪಿದರೆ, ನಾಲ್ಕನೆಯ ಸಾಲಿಗೆ ಗುರುತು ಹಾಕಿ. ಹೋಗಿ ಆ ಹನ್ನೆರಡನೆಯ ಸೀಟಿನಲ್ಲಿ ಕೂತುಕೊಳ್ಳಿ. ಇನ್ನೊಂದು ಕಾಲೇಜಿನ ಕ್ಯಾಂಟೀನಿನ ಸಾಲಿನಲ್ಲಿ ನಿಮಗೆ ಸಿಗಬೇಕಾದ ನನ್ನ ಅಜ್ಜಿಯ ಅಜ್ಜ ಆಗ ಸಿಗುವುದಿಲ್ಲವೆಂದು ನನಗೆ ಗೊತ್ತು. ನಿಮ್ಮ ನಂತರ ನನ್ನವರೆಗೆ ಯಾರೂ ಇರುವುದಿಲ್ಲ. ನಾಲ್ಕು ದಿನ ಅನ್ನ ಬಿಟ್ಟು ಯೋಚಿಸಿಯೇ ಬರೆಯುತ್ತಿದ್ದೇನೆ. ಚೆಲುವಿ ಹುಟ್ಟುವುದಿಲ್ಲ. ಆ ಕತ್ತಲೆಗೆ ಇಳಿಯುವುದೂ ಇಲ್ಲ.

ನಿಮ್ಮ ವಂಶದ,
ಎಲೆನಾ ಸಿದ್ದಮ್ಮ