ವಾಟರ್ ಪಂಪು ಸರಿಹೋಗದಿರಲಿ

ಮನೆಯಿಂದ,
ಎಂಟನೇ ತಾರೀಖು, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿ ಈಗ ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ಇನ್ನೂ ಊತವಿದೆಯೇ? ಮಗಳ ಮನೆಯಲ್ಲಿ ರಾತ್ರಿ ನಿದ್ದೆ ಬರುತ್ತಿದೆಯೇ? ವಾಕರ್ ಹಿಡಿದು ಬಚ್ಚಲಿನವರೆಗೆ ಒಬ್ಬರೇ ಹೋಗಿಬರುತ್ತೀರಿ ಎಂದು ನಾದಿನಿ ಹೇಳಿದಳು. ಕೇಳಿ ಸಂತೋಷವಾಯಿತು, ಜೊತೆಗೇ ಭಯವೂ ಆಯಿತು. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ ಅತ್ತೆ? ಯಾರೂ ಇಲ್ಲದಾಗ ವಾಕರನ್ನು ಗೋಡೆಗೆ ಒರಗಿಸಿ, ಮಂಚ ಮೇಜು ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿ, ಮಗಳು ಬೇಳೆಗೆ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂದು ರುಚಿ ನೋಡಿಬರುತ್ತೀರಿ. ದಯವಿಟ್ಟು ಬೇಡ. ಉಪ್ಪು ಕಡಿಮೆಯಾದರೆ ಆಮೇಲೆ ಹಾಕಿಕೊಳ್ಳಬಹುದು, ಮಂಡಿಯನ್ನು ಇನ್ನೊಂದು ಸಲ ಹಾಕಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಫೋನ್ ಇರುವಾಗ ಕಾಗದ ಏಕೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಫೋನಿನಲ್ಲಿ ನಿಮಗೆ ಕೇಳಿಸಬೇಕಾದರೆ ನಾನು ಗಂಟಲು ಹರಿದುಕೊಳ್ಳಬೇಕು. ಆಗ ನಿಮಗಿಂತ ಮೊದಲು ಅಂಗಳದಲ್ಲಿರುವ ಮಾವನಿಗೆ ಕೇಳಿಸುತ್ತದೆ. ಇದು ಅವರ ಕಿವಿಗೆ ಬೀಳಬಾರದ ಮಾತು. ನಾದಿನಿಗೆ ಹೇಳಿ ನೋಡಿದೆ. "ಅಪ್ಪನ್ನ ಮನೇಲಿ ಕಟ್ಟಿ ಹಾಕ್ಬೇಕು ಅಂತ ಇದ್ದೀರಾ ಅತ್ತಿಗೆ?" ಎಂದು ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸಿದಳು. ಪಾಪ, ಅವಳದ್ದೇನು ತಪ್ಪು? ಅಪ್ಪ ಗಾಡಿ ಓಡಿಸುವುದನ್ನು ಅವಳು ಇತ್ತೀಚೆಗೆ ನೋಡಿಲ್ಲ. ನಾನು ನೋಡಿದ್ದೇನೆ, ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ಮಾವನಿಗೆ ಅಕ್ಕಪಕ್ಕ ಕಾಣುವುದಿಲ್ಲ ಅತ್ತೆ. ನೀವು ಆಸ್ಪತ್ರೆಗೆ ಸೇರಿದ್ದ ವಾರ ಇದು ತಿಳಿಯಿತು. ನಮ್ಮ ಫೋಟೋ ಫ್ರೇಮಿನ ಅಂಗಡಿಗೆ ಗಾಜು ತರಲು ಪಿಕಪ್ಪಿನಲ್ಲಿ ಹೋಗಿದ್ದೆವು, ನಾನು ಪಕ್ಕದಲ್ಲಿದ್ದೆ. ತಿರುವಿನಲ್ಲಿ ಎಡಗಡೆಯಿಂದ ಸೈಕಲ್ಲಿನವನೊಬ್ಬ ಬಂದ. ಮಾವ ಬ್ರೇಕನ್ನು ಮುಟ್ಟಲೇ ಇಲ್ಲ. ಆ ಪುಣ್ಯಾತ್ಮ ಸೈಕಲ್ ಸಮೇತ ಚರಂಡಿಗೆ ಹಾರಿ ಜೀವ ಉಳಿಸಿಕೊಂಡ. ನಾನು ಚೀರಿದರೆ, "ಯಾಕಮ್ಮಾ, ಹಲ್ಲಿ ಬಿತ್ತಾ ಮೈಮೇಲೆ?" ಎಂದು ಕೇಳಿದರು. ಅವರಿಗೆ ಏನೂ ಗೊತ್ತೇ ಆಗಿರಲಿಲ್ಲ. ಮಾರನೆಯ ದಿನ, ತಲೆನೋವಿಗೆ ಕನ್ನಡಕ ಬದಲಿಸೋಣ ಎಂದು ಸುಳ್ಳು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ಅಂಚಿನ ನೋಟವೆಲ್ಲ ಹೋಗಿದೆಯಂತೆ. ಎದುರಿಗಿರುವುದು ಮಾತ್ರ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು, ಗಾಡಿಯನ್ನಂತೂ ಮುಟ್ಟಲೇಬಾರದು ಎಂದರು ಡಾಕ್ಟರು. ಅದಕ್ಕೆ ಮಾವ ಏನು ಹೇಳಿದರು ಗೊತ್ತೇ? "ನಾನು ಗಾಡಿ ಓಡಿಸೋದು ಮುಂದಕ್ಕೆ ಡಾಕ್ಟ್ರೇ, ಪಕ್ಕಕ್ಕಲ್ಲ." ಡಾಕ್ಟರಿಗೂ ನಗು ಬಂತು. ನಮಗೆ ಬರಲಿಲ್ಲ. ಮಂಡಿ ಸರಿಹೋಗುವವರೆಗೆ ನಿಮಗೆ ಹೇಳಕೂಡದು ಎಂದು ಮಾವ ನನ್ನಿಂದ ಭಾಷೆ ತೆಗೆದುಕೊಂಡರು. ಇಂದು ಆ ಭಾಷೆ ಮುರಿದೆ.

ಡಾಕ್ಟರ ಮಾತು ಗೋಡೆಗೆ ಹೇಳಿದ ಹಾಗಾಯಿತು. ಹನಿ ಹಾಕಿಸಿಕೊಳ್ಳುತ್ತಾರೆ, ಗಾಡಿ ಬಿಡುವುದಿಲ್ಲ. ಕೀ ಯಾವಾಗಲೂ ಅವರ ಸೊಂಟದಲ್ಲೇ. ನೀವೇ ಹೇಳಿ, ಅವರ ಎದುರು ನಿಂತು ಬೇಡ ಎನ್ನುವವರು ಈ ಮನೆಯಲ್ಲಿ ಯಾರಿದ್ದಾರೆ? ನಿಮ್ಮ ಮಗ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹುಲಿ. ಅಪ್ಪನ ಮುಂದೆ ನಿಂತರೆ ಫ್ರೇಮಿನೊಳಗಿನ ಫೋಟೋ. ನಾನು ಹೇಳು ಎಂದರೆ ಅವರು ನೀನೇ ಹೇಳು ಎನ್ನುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವುದು ಹೇಗೆ ಎಂದು ದಿನಾ ಮಾತಾಡುತ್ತೇವೆ, ಕಟ್ಟುವವರು ಇಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಪಿಕಪ್ಪಿನ ಕೆಳಗೆ ಇಂಜಿನ್ ತಣ್ಣಗಿಡುವ ಹಸಿರು ನೀರು ಸೋರಿ ನಿಂತಿತ್ತು. ಇಂಜಿನ್ ಶುರು ಮಾಡಿದರೆ ಕೀರಲು ಸದ್ದು, ಬಿಸಿ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ವಾಟರ್ ಪಂಪು ಹೋಗಿದೆ, ಇನ್ನು ಓಡಿಸಿದರೆ ಇಂಜಿನ್ನೇ ಸುಟ್ಟುಹೋಗುತ್ತದೆ ಎಂದು ಮಾವ ತಲೆ ಮೇಲೆ ಕೈ ಹೊತ್ತು ಕೂತರು. ನಾನು ಒಳಗೆ ಹೋಗಿ ದೇವರಿಗೆ ಕೈ ಮುಗಿದೆ. ಪಂಪು ಕೆಟ್ಟದ್ದಕ್ಕೆ ದೀಪ ಹಚ್ಚಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆದರೆ ಮಾವ ಸುಮ್ಮನಿರುವ ಆಸಾಮಿಯೇ? ಗ್ಯಾರೇಜಿಗೆ ಬೇಡ, ಮನೆಯಲ್ಲೇ ಹಾಕುತ್ತೇನೆ ಎಂದರು. ಅವಸರ ಏನು ಎಂದು ಕೇಳಿದೆ. ನಿಮ್ಮನ್ನು ಕರೆತರಬೇಕಂತೆ. ಬಸ್ಸಿನಲ್ಲಿ ಮಂಡಿ ಮಡಚಿ ಕೂರಲು ನಿಮಗೆ ಆಗುವುದಿಲ್ಲ, ಬಾಡಿಗೆ ಕಾರಿನ ಸೀಟು ತಗ್ಗು, ಏಳುವಾಗ ನೋವಾಗುತ್ತದೆ, ನಮ್ಮ ಪಿಕಪ್ಪಿನ ಸೀಟಾದರೆ ಎತ್ತರ, ಕಾಲು ಚಾಚಿಕೊಂಡು ಬರಬಹುದು ಎಂದು ಎಲ್ಲ ಯೋಚನೆ ಮಾಡಿಟ್ಟಿದ್ದಾರೆ. ಹತ್ತಲು ಒಂದು ಪುಟ್ಟ ಮರದ ಮೆಟ್ಟಿಲನ್ನೂ ಮಾಡಿ, ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದಾರೆ. ಇಂಥವರಿಗೆ ಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಬಿಸಿ ತುಪ್ಪ ಅತ್ತೆ, ನುಂಗಲೂ ಆಗದು, ಉಗುಳಲೂ ಆಗದು.

ಬಾಯಿ ಬಿಡಲಾಗದವರು ಕಳ್ಳ ಕೆಲಸಕ್ಕೆ ಇಳಿಯುತ್ತಾರೆ. ನಾವೂ ಇಳಿದೆವು. ಇವರು ಸ್ಪೇರ್ ಪಾರ್ಟ್ಸ್ ಅಂಗಡಿಯವನ ಹತ್ತಿರ ಗುಟ್ಟಾಗಿ ಹೋಗಿ, ಅಪ್ಪ ಬಂದರೆ ಪಂಪು ಇಲ್ಲ ಅಂದುಬಿಡು ಎಂದು ಕೇಳಿಕೊಂಡರು. ಅವನು ನಮಗಿಂತ ಪುಕ್ಕಲ. ಮಾವನ ಮುಖ ನೋಡಿ ಇಲ್ಲ ಎನ್ನಲಾಗದೆ ಬೇರೆ ಗಾಡಿಯ ಪಂಪನ್ನು ಕೈಗಿತ್ತ. ಮಾವ ಡಬ್ಬಿ ತೆರೆದವರೇ, ಇದರ ಮೂತಿ ಉದ್ದ, ನಮ್ಮದಕ್ಕೆ ಕೂರುವುದಿಲ್ಲ ಎಂದು ಹಳೆಯ ಪಂಪನ್ನು ಕೈಚೀಲದಲ್ಲಿ ಹಾಕಿಕೊಂಡು ಬಿಸಿಲಲ್ಲಿ ವಾಪಸು ನಡೆದು ಸರಿಯಾದದ್ದನ್ನೇ ತಂದರು. ಆಮೇಲೆ ನಿಮ್ಮ ಮಗ ನನಗೂ ಹೇಳದೆ ಆ ಡಬ್ಬಿಯಿಂದ ಗ್ಯಾಸ್ಕೆಟ್ ಎತ್ತಿಟ್ಟರು. ಪಂಪಿಗೂ ಇಂಜಿನ್ನಿಗೂ ನಡುವೆ ನೀರು ಸೋರದಂತೆ ಇಡುವ ತೆಳ್ಳನೆಯ ಹಾಳೆ ಅದು, ಅದಿಲ್ಲದೆ ಕೆಲಸ ನಿಲ್ಲುತ್ತದೆ ಎಂದುಕೊಂಡರು. ಮಾವ ಒಂದು ಕ್ಷಣ ಡಬ್ಬಿಯೊಳಗೆ ನೋಡಿದರು. ಮಗನ ಅಂಗಡಿಯಿಂದಲೇ ಒಂದು ದಪ್ಪ ಕಾಗದ ತರಿಸಿ, ಪಂಪಿನ ಬಾಯಿ ಮೇಲೆ ಇಟ್ಟು, ಗುಂಡು ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟಿ ತಟ್ಟಿ ಕತ್ತರಿಸಿದರು. ತೂತುಗಳೂ ಸರಿಯಾಗಿ ಬಂದವು. ಗ್ರೀಸು ಸವರಿ ಅದನ್ನು ಎತ್ತಿ ಹಿಡಿದು ನಗುತ್ತಾ ತೋರಿಸಿದಾಗ ಹತ್ತು ವರ್ಷ ಚಿಕ್ಕವರಾಗಿ ಕಂಡರು. ನಾವು ಅಡ್ಡ ಹಾಕಿದಷ್ಟೂ ಅವರಿಗೆ ಹುರುಪು ಬರುತ್ತಿತ್ತು, ಏನು ಮಾಡೋಣ ಹೇಳಿ.

ನನ್ನ ಕಳ್ಳತನ ಇಂದು ಬೆಳಿಗ್ಗೆ ನಡೆಯಿತು. ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದವಲ್ಲವಂತೆ. ಯಾವುದು ಯಾವ ತೂತಿನದು ಎಂದು ತಪ್ಪಬಾರದೆಂದು ಮಾವ ಒಂದು ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ಅಲ್ಲಲ್ಲೇ ಬೋಲ್ಟು ಚುಚ್ಚಿಟ್ಟಿದ್ದರು. ಟಾರ್ಚ್ ಹಿಡಿಯುವ ಕೆಲಸ ನನ್ನದು. ನನ್ನ ಬಟ್ಟೆ ನೆನೆಸುವ ಬೇಸಿನ್ನು ಆ ಹಸಿರು ನೀರು ಹಿಡಿಯಲು ಹೋಗಿ ಹಾಳಾಯಿತು, ಅದರ ಜಗಳ ಬೇರೆ ಇದೆ, ಇರಲಿ. ಮಾವ ಕೈ ತೊಳೆಯಲು ಹೋದಾಗ ಎಲ್ಲಕ್ಕಿಂತ ಉದ್ದದ ಬೋಲ್ಟನ್ನು ಕಿತ್ತು ಬೇಳೆ ಡಬ್ಬಿಯೊಳಗೆ ಹಾಕಿದೆ. ಬಂದು ನೋಡಿದರು. ಬೈಯುತ್ತಾರೆ, ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಮೊಣಕಾಲೂರಿ ಕೂತು ಅಂಗಳವನ್ನು ಅಂಗೈಯಿಂದ ಸವರತೊಡಗಿದರು. ಸ್ಪ್ಯಾನರು ಅವರ ತೊಡೆಯ ಪಕ್ಕದಲ್ಲೇ ಬಿದ್ದಿತ್ತು, ಅದು ಅವರಿಗೆ ಕಾಣಲಿಲ್ಲ. ಟೀ ಲೋಟಕ್ಕೆ ಕೈ ತಗುಲಿ ಉರುಳಿತು, ಅದೂ ಕಂಡಿರಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ತಲೆ ಎತ್ತದೆ, "ನಾನೇ ಎಲ್ಲೋ ಬೀಳಿಸಿದೆ ಕಣಮ್ಮ. ನಂಗೆ ಕಾಣ್ಲಿಲ್ಲ," ಎಂದರು.

ಇಷ್ಟು ದಿನದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹೌದು ಮಾವ, ಅದಕ್ಕೇ ಗಾಡಿ ಬೇಡ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಬೋಲ್ಟು ಕದ್ದವಳು ನಾನು, ಅವರು ತಮ್ಮ ಕಣ್ಣನ್ನು ಬೈದುಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ ಅತ್ತೆ. ಒಳಗೆ ಓಡಿಹೋಗಿ ಅತ್ತುಬಿಟ್ಟೆ, ಬೇಳೆಯಲ್ಲಿ ಕೈಯಾಡಿಸಿ ಬೋಲ್ಟು ತಂದು, ಚಕ್ರದ ಹಿಂದೆ ಸಿಕ್ಕಿತು ಎಂದು ಕೊಟ್ಟೆ. ಅಲ್ಲಿ ಬಿದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ ಬಿಡು, ನನ್ನ ಕಣ್ಣಿನದೇನೂ ತಪ್ಪಿಲ್ಲ ಎಂದು ಅವರ ಮುಖ ಅರಳಿತು. ಮಾಡಲು ಹೋದದ್ದೇನು, ಆದದ್ದೇನು ನೋಡಿ. ಬೋಲ್ಟಿನ ಜೊತೆ ಅವರ ಧೈರ್ಯವನ್ನೂ ನಾನೇ ಕೈಯಾರೆ ಮರಳಿ ಕೊಟ್ಟೆ.

ಆಮೇಲೆ ಯಾವ ವಿಘ್ನವೂ ಬರಲಿಲ್ಲ. ಬೋಲ್ಟುಗಳನ್ನು ಒಂದು ಈ ಕಡೆ, ಒಂದು ಆ ಕಡೆ ಎಂದು ಸಮನಾಗಿ ಬಿಗಿದರು. ಬೆಲ್ಟು ಹಾಕಿದರು, ನೀರು ತುಂಬಿದರು, ಮುಚ್ಚಳ ತೆರೆದಿಟ್ಟು ಇಂಜಿನ್ ಓಡಿಸಿ ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಕಾದರು. ನಾನು ಪಂಪಿನ ಕೆಳಗೆ ಒಂದು ಬಿಳಿ ಕಾಗದ ಹಾಸಿ, ಒಂದಾದರೂ ಹನಿ ಬೀಳಲಿ ಎಂದು ಟಾರ್ಚ್ ಬಿಟ್ಟುಕೊಂಡು ಕಾದೆ. ಕಾಗದ ಒಣಗಿದ್ದು ಒಣಗಿದ ಹಾಗೇ ಇತ್ತು. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಮಾವ ನನ್ನ ಬೆನ್ನು ತಟ್ಟಿ, ನೀನು ಟಾರ್ಚ್ ಹಿಡಿಯದಿದ್ದರೆ ಆಗುತ್ತಲೇ ಇರಲಿಲ್ಲ ಎಂದರು. ನನಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡರು.

ಬುಧವಾರ ಬೆಳಿಗ್ಗೆ ನಿಮ್ಮನ್ನು ಕರೆತರಲು ಹೊರಡುತ್ತಾರಂತೆ. ಗಾಡಿ ಓಡಿಸಲು ಬಾರದ ಇವರು ಜೊತೆಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ, ಆದರೂ ಹೆದ್ದಾರಿಯಲ್ಲಿ ಎರಡೂ ಕಡೆಯಿಂದ ಲಾರಿ ನುಗ್ಗುವಾಗ ಎಷ್ಟೆಂದು ಎಡಗಡೆ ಬಲಗಡೆ ಎಂದು ಕೂಗುತ್ತಾರೆ? ನಾಳೆ ಮೊದಲ ಅಂಚೆಗೇ ಇದನ್ನು ಹಾಕುತ್ತೇನೆ, ಬುಧವಾರದ ಒಳಗೆ ಸಿಗಬೇಕು. ಸಿಕ್ಕ ಕೂಡಲೇ ಫೋನ್ ಮಾಡಿಸಿ, ಇನ್ನೂ ಒಂದು ತಿಂಗಳು ಅಲ್ಲೇ ಇರುತ್ತೇನೆ ಎನ್ನಿ, ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ ಎನ್ನಿ, ಏನಾದರೂ ಎನ್ನಿ. ನನಗೆ ಬೇರೆ ದಾರಿ ತೋಚುತ್ತಿಲ್ಲ. ನೀವಿಲ್ಲದ ಮನೆ ನನಗೂ ಬೇಜಾರು, ಬೇಗ ಬನ್ನಿ ಎಂದು ಬರೆಯಬೇಕಾದವಳು ಬರಬೇಡಿ ಎಂದು ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ಮಾತ್ರೆ ಮರೆಯಬೇಡಿ. ನಾದಿನಿಗೆ, ಅವಳ ಮನೆಯವರಿಗೆ ನನ್ನ ನೆನಪು ಹೇಳಿ. ಅವಳ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಪಾದ ಮುಟ್ಟಿ ನಮಸ್ಕರಿಸುತ್ತೇನೆ, ಆಪರೇಷನ್ ಆದ ಕಾಲನ್ನು ಮಾತ್ರ ದೂರದಿಂದಲೇ.

ನಿಮ್ಮ ಪ್ರೀತಿಯ,
ಸೊಸೆ

ವಿ. ಸೂ.: ಅತ್ತೆ, ಅವಸರದಲ್ಲಿ ಗೀಚುತ್ತಿದ್ದೇನೆ. ಬುಧವಾರವಲ್ಲ, ಮಾವ ಈಗಲೇ ಹೊರಟರು. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತರು. ಗಾಡಿ ಸರಿಯಾದ ಮೇಲೆ ಕಾಯುವುದು ಏಕಂತೆ. ನಾನು ಬರೆಯುವುದನ್ನು ನೋಡಿ, ಅಂಚೆ ಬೇಡ, ಕೊಡು, ನಾನೇ ಅವಳ ಕೈಗೆ ಕೊಡುತ್ತೇನೆ ಎಂದರು. ಇವರು ಗಿರಾಕಿಯ ಮನೆಗೆ ಫ್ರೇಮು ತೂಗುಹಾಕಲು ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ. ನಾನೂ ಬರುತ್ತೇನೆ ಎಂದರೆ, ಬರುವಾಗ ನಿಮಗೆ ಕಾಲು ಚಾಚಲು ಜಾಗ ಬೇಕು ಎಂದರು. ಕೊನೆಗೆ ಬಾಗಿಲಿಗೆ ಅಡ್ಡ ನಿಂತು ಹೇಳಿಯೇಬಿಟ್ಟೆ: "ಮಾವ, ನಿಮಗೆ ಪಕ್ಕ ಕಾಣಲ್ಲ. ಹೋಗ್ಬೇಡಿ." ಬೈಯಲಿಲ್ಲ ಅತ್ತೆ. ನನ್ನ ತಲೆ ಮೇಲೆ ಕೈಯಿಟ್ಟು, "ಗೊತ್ತಮ್ಮ. ಅವಳು ಬೇಡ ಅಂದ್ರೆ ಅಲ್ಲೇ ಕೀ ಕೊಟ್ಬಿಡ್ತೀನಿ," ಎಂದು ನನ್ನನ್ನು ಮೆಲ್ಲಗೆ ಸರಿಸಿ ಇಳಿದುಹೋದರು. ಇಂಜಿನ್ ಓಡುತ್ತಿದೆ, ಕಾಗದಕ್ಕೆ ಹಾರ್ನ್ ಹೊಡೆಯುತ್ತಿದ್ದಾರೆ. ಇದು ಅವರ ಜೇಬಿನಲ್ಲೇ ಬರುತ್ತದೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವರು ತಲುಪಿದ್ದಾರೆ. ಬೇಡ ಅನ್ನಿ ಅತ್ತೆ, ಕೀ ಇಸಿದುಕೊಳ್ಳಿ. ತಲುಪಿದರು ಎಂದು ನನಗೆ ಯಾರ ಕೈಯಲ್ಲಾದರೂ ಒಂದು ಮಾತು ಹೇಳಿಸಿ, ನಾನು ಬಾಗಿಲಲ್ಲೇ ಇರುತ್ತೇನೆ.