ಶಾಂತಕ್ಕನಿಗೆ ಹೆಸರು ಹೇಳದೆ ಕೊಟ್ಟ ಹಾಡು

ಕೊಪ್ಪ, ಬಸ್ ಸ್ಟ್ಯಾಂಡಿನ ಹಿಂಬದಿ
ಫೆಬ್ರವರಿ ೧೮, ೨೦೨೫, ಮಂಗಳವಾರ

ನನ್ನ ಪುಟ್ಟಿ ಭವ್ಯಳ ತಲೆ ಸವರಿ, ದೊಡ್ಡಮ್ಮನ ಆಶೀರ್ವಾದ.

ಹೇಗಿದ್ದೀಯೇ? ಕಾಲಿನ ಬಾವು ಇಳಿಯಿತಾ? ಎಡಮಗ್ಗುಲಿಗೆ ಮಲಗು, ಕಾಲ ಕೆಳಗೊಂದು ದಿಂಬು ಇಟ್ಟುಕೋ. ಹುಳಿ ತಿನ್ನಬೇಕು ಅನ್ನಿಸಿದರೆ ತಿನ್ನು, ಆದರೆ ಅಂಗಡಿಯ ಉಪ್ಪಿನಕಾಯಿ ಬೇಡ. ಅಳಿಯ ನವೀನನ ಕೈಯಲ್ಲಿ ಮಾವಿನ ಮಿಡಿ ಕಳಿಸಿದ್ದೇನಲ್ಲ, ಅದನ್ನೇ ತಿನ್ನು. ಭರಣಿಯನ್ನು ನಿನ್ನ ಅತ್ತೆ ಶಾಂತಕ್ಕ ಮೇಲಿನ ಹಲಗೆಯಲ್ಲಿ ಇಟ್ಟಿದ್ದರೆ ಇಳಿಸಿಕೊಡಲು ಹೇಳು, ನೀನು ಕೈ ಎತ್ತಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮದುವೆಗಳ ಕಾಲ, ಮಿಷನ್ನಿನ ಪಕ್ಕ ಬ್ಲೌಸಿನ ಬಟ್ಟೆ ರಾಶಿ ಬಿದ್ದಿದೆ. ಫೋನಿರುವಾಗ ಪತ್ರ ಯಾಕೆ ಅಂತ ನಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತೀಯ. ಶಾಂತಕ್ಕ ಪಕ್ಕದಲ್ಲೇ ಕೂತು ಬೀನ್ಸ್ ಮುರಿಯುತ್ತಾ, ನಾನು ಹೇಳಿದ್ದಕ್ಕೆ ನಿನಗಿಂತ ಮೊದಲು "ಹೂಂ" ಅನ್ನುತ್ತಾರೆ. ಈ ಪತ್ರ ನಿನಗೊಬ್ಬಳಿಗೇ.

ಭಾನುವಾರ ಕರೆಂಟು ಹೋಯಿತು ಅಂತ ಫೋನ್ ಇಟ್ಟೆನಲ್ಲ, ಕರೆಂಟು ಹೋಗಿರಲಿಲ್ಲ. ಹೋಗಿದ್ದರೂ ಮೊಬೈಲಿಗೆ ಎಂತ ಆಗುತ್ತಿತ್ತು, ನಿನಗಾದರೂ ಹೊಳೆಯಬೇಡವಾ! ನನಗೆ ಹೊಟ್ಟೆಕಿಚ್ಚು ಬಂದಿತ್ತು ಮಾರಾಯ್ತಿ. ಈ ವಯಸ್ಸಿನಲ್ಲಿ, ಬೀಗಿತಿಯ ಮೇಲೆ, ಒಂದು ಜೋಗುಳದ ವಿಷಯಕ್ಕೆ. ಎರಡು ದಿನದಿಂದ ಹೊಲಿದದ್ದೆಲ್ಲ ಸೊಟ್ಟ. ಕಮ್ಮರಡಿಯ ಮದುಮಗಳ ಬ್ಲೌಸಿಗೆ ಎರಡೂ ಎಡಗೈ ತೋಳನ್ನೇ ಕೂರಿಸಿ, ಬಿಚ್ಚಿ, ಮತ್ತೆ ಹೊಲಿದೆ.

ಈ ಹಾಡಿನ ಹುಚ್ಚು ಹಿಡಿಸಿದವಳು ನೀನೇ ತಾನೇ? ನಿನ್ನ ಅಮ್ಮ ಹೋದ ಮೇಲೆ ನೀನು ನನ್ನ ಮಿಷನ್ನಿನ ಬುಡದಲ್ಲೇ ಬೆಳೆದೆ. ರೇಡಿಯೋದಲ್ಲಿ ಬಂದದ್ದೇ ಬರುತ್ತದೆ ಅಂತ ಬೇಜಾರಾಗಿ ಒಂದು ದಿನ ನನ್ನ ಫೋನಿನಲ್ಲಿ ಮಡಗಾಸ್ಕರಿನ ಒಬ್ಬ ಟಯರ್ ಅಂಗಡಿಯವನ ಹಾಡು ಹಾಕಿದೆ. ಬಿದಿರಿಗೆ ತಂತಿ ಕಟ್ಟಿ ಮೀಟುತ್ತಿದ್ದ. ಹಿಂದೆ ಲಾರಿಯ ಹಾರನ್ ಕೇಳುತ್ತಿತ್ತು, ಅವನು ಅದಕ್ಕೂ ತಾಳ ಸೇರಿಸಿಕೊಂಡು ಹಾಡಿದ. ಪಕ್ಕದ ಮೊಬೈಲ್ ಅಂಗಡಿಯ ಗೋವಿಂದ ತಲೆ ಹಾಕಿ, "ಎಂತ ತುಂಗಕ್ಕ, ಯಾರ್ ಮನೇಲಿ ಸಾವು?" ಅಂದ. ನೀನು ಕತ್ತರಿ ಎತ್ತಿಕೊಂಡು ಓಡಿಸಿದ್ದೆ. ಅವತ್ತಿನಿಂದ ನಮ್ಮಿಬ್ಬರದು ಒಂದು ಕಟ್ಟಳೆ: ದೊಡ್ಡ ಹೆಸರಿನವರು ಬೇಡ, ಯಾರೂ ಕೇಳದವರನ್ನು ಹುಡುಕುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ನೂಲಿನ ಉಂಡೆಯ ಚೀಟಿ ಓದಿ. ಆದರೂ ಹುಡುಕುವುದರಲ್ಲಿ ನಿನ್ನನ್ನು ಮೀರಿಸಿದೆ. ಫೋನು ತಾನಾಗಿ ಕೊಟ್ಟದ್ದನ್ನು ನಾನು ಕೇಳುವುದಿಲ್ಲ. ಒಬ್ಬ ಹಾಡುಗಾರ ತನ್ನ ಹಾಡಿನ ಕೆಳಗೆ ಯಾರ್‍ಯಾರ ಉಪಕಾರ ನೆನೆದಿದ್ದಾನೆ ನೋಡಿ, ಅವರಲ್ಲಿಗೆ ಹೋಗುತ್ತೇನೆ. ಅವರು ಯಾರನ್ನು ನೆನೆದಿದ್ದಾರೋ ಅಲ್ಲಿಗೆ. ಡೇರೆ ಹೂವಿನ ಗೆಡ್ಡೆ ಹುಡುಕಿಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದೆವಲ್ಲ, "ಆ ಬಣ್ಣ ನಮ್ಮಲ್ಲಿಲ್ಲ, ಮೇಲಿನ ಮನೆಯವರಲ್ಲಿದೆ" ಅನ್ನಿಸಿಕೊಂಡು, ಹಾಗೆಯೇ.

ಮಾರೆತ್ ಸಿಕ್ಕಿದ್ದು ಹೀಗೆ ನಾಲ್ಕೈದು ಮನೆ ಹತ್ತಿ ಇಳಿದ ಮೇಲೆ. ಎಸ್ಟೋನಿಯಾ ಅನ್ನುವ ದೇಶದವಳು, ಹಾಲಿನ ವ್ಯಾನ್ ಓಡಿಸುತ್ತಾಳಂತೆ, ಮಡಿಲಲ್ಲಿ ತಂತಿವಾದ್ಯ ಇಟ್ಟುಕೊಂಡು ಅಡುಗೆಮನೆಯಲ್ಲೇ ಹಾಡುತ್ತಾಳೆ. ಅವಳ ಆ ಜೋಗುಳದ ನಡುವೆ ಎಲ್ಲೋ ಬಾಗಿಲು ಕಿರುಗುಟ್ಟುತ್ತದೆ, ಅವಳು ಹಾಡು ನಿಲ್ಲಿಸಿ ಸಣ್ಣಗೆ ನಕ್ಕು, ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾಳೆ. ಆ ನಗುವಿಗಾಗಿಯೇ ನಾನು ಅದನ್ನು ದಿನಾ ಕೇಳುತ್ತಿದ್ದೆ. ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯ ಜನ ಕೇಳಿದ ಹಾಡು, ಅದರಲ್ಲಿ ಒಬ್ಬಳು ಕೊಪ್ಪದ ತುಂಗಮ್ಮ. ಒಳಗೊಳಗೇ ಎಷ್ಟು ಜಂಬ ಇತ್ತು ಅಂತ ನಿನಗೂ ಹೇಳಿರಲಿಲ್ಲ.

ನಿನ್ನ ಸೀಮಂತದ ದಿನ ಅದನ್ನು ಮೆಲ್ಲಗೆ ಹಾಕಿಟ್ಟಿದ್ದೆ. ಶಾಂತಕ್ಕ ಕೈಯೊರೆಸಿಕೊಳ್ಳುತ್ತಾ ಬಂದು, "ಎಷ್ಟ್ ಚಂದ ಇದೆ ತುಂಗಕ್ಕ! ಯಾರ್ದು ಇದು? ನಂಗೂ ಕಳ್ಸಿ ಮಾರಾಯ್ರೆ" ಅಂದರು. ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಲು ಬರುವುದಿಲ್ಲ. ನಮ್ಮ ಕಡೆಯ ಹೆಂಗಸರು ಹೊಸ ಬಣ್ಣದ ಡೇರೆ ಗೆಡ್ಡೆ ಕೊಡುವಾಗ ಎಂತ ಮಾಡುತ್ತಾರೆ ಗೊತ್ತಲ್ಲ, ಗೆಡ್ಡೆಯ ಮೊಳೆಯುವ ಕಣ್ಣು ಚಿವುಟಿ ಕೊಡುತ್ತಾರೆ. ಮೊಳಕೆ ಬರುವುದಿಲ್ಲ. ಮಳೆಗಾಲ ಕಳೆದ ಮೇಲೆ "ನಿಮ್ಮ ಮಣ್ಣಿಗೆ ಹಿಡಿಲಿಲ್ಲ ಅಂತ ಕಾಣ್ತದೆ" ಅಂದರೆ ಮುಗಿಯಿತು. ಕೊಟ್ಟ ಹಾಗೂ ಆಯಿತು, ಬಣ್ಣ ನಮ್ಮ ಅಂಗಳ ದಾಟಲೂ ಇಲ್ಲ. ನಾನೂ ಗೋವಿಂದನ ಕೈಯಲ್ಲಿ ಹಾಡಿನ ತಲೆ, ಬಾಲ ಕತ್ತರಿಸಿ, ನಡುವಿನ ತುಂಡೊಂದನ್ನು ಕಳಿಸಿದೆ. ಹೆಸರು ಕೇಳಿದ್ದಕ್ಕೆ, "ಯಾರೋ ಏನೋ, ನಂಗೆಂತ ಗೊತ್ತು" ಅಂದೆ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಕೇಳಲು ಕೊಟ್ಟೆನಲ್ಲ, ಸಾಲದಾ?

ಕಣ್ಣು ಚಿವುಟಿದ ಗೆಡ್ಡೆಯೂ ಮೊಳೆಯುವ ಕಾಲ ಬಂದಿದೆ ಅಂತ ನನಗೆ ಯಾರು ಹೇಳಬೇಕು! ಆ ತುಂಡನ್ನು ನವೀನನ ಫೋನಿಗೆ ಕೇಳಿಸಿದರೆ ಆ ಫೋನೇ ಹಾಡಿದವಳ ಹೆಸರು, ಊರು ಎಲ್ಲ ಹೇಳಿತಂತೆ. ಅಷ್ಟಾದರೆ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಶಾಂತಕ್ಕ ಹೋಗಿ ಆ ಹುಡುಗಿಯ ಹತ್ತಿರ ಮಾತಾಡಿಯೇ ಬಿಟ್ಟಿದ್ದಾರಲ್ಲೇ! ಅದೂ ನಮ್ಮ ಕನ್ನಡದಲ್ಲಿ, ಬಾಯಿಗೆ ಫೋನ್ ಹಿಡಿದು, ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿ, "ಏ ಮಗಾ, ಚಂದ ಹಾಡ್ತೀಯ ಕಣೆ. ಊಟ ಆಯ್ತಾ?" ಅಂತ. ಅವಳಿಗೆ ಒಂದಕ್ಷರ ತಿಳಿಯುವುದಿಲ್ಲ. ಆದರೂ ನಾಲ್ಕನೇ ದಿನಕ್ಕೆ ಅವಳಿಂದ ಉತ್ತರ ಬಂತು. ನೀನು ಭಾನುವಾರ ಖುಷಿಯಲ್ಲಿ ಅದನ್ನೇ ಕೇಳಿಸಿದೆ. ಅದೇ ಗಂಟಲು, ಅದೇ ನಗು. ಸ್ವಲ್ಪ ತಡವರಿಸಿ, "ಊತಾ ಆಯ್ತಾ, ಶಾನ್ತಕ್ಕಾ?" ಅಂದಳು.

ನಾಲ್ಕು ವರ್ಷ ಪುಟ್ಟಿ, ನಾಲ್ಕು ವರ್ಷದಿಂದ ಕೇಳುತ್ತಿರುವವಳು ನಾನು. ಒಂದು ಸಲ ಗೋವಿಂದನ ಹತ್ತಿರ ಸ್ಪೆಲ್ಲಿಂಗ್ ಕೇಳಿ "ವೆರಿ ನೈಸ್" ಅಂತ ಬರೆದಿದ್ದೆ, ತಪ್ಪಿದ್ದರೆ ಅವಳು ಏನಂದುಕೊಳ್ಳುತ್ತಾಳೋ ಅಂತ ಅಳಿಸಿದೆ. ಕನ್ನಡದಲ್ಲೇ ಮಾತಾಡಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಶಾಂತಕ್ಕ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಊಟ ಆಯ್ತಾ ಅಂತ ಕೇಳುವವರು, ಇವಳನ್ನೂ ಕೇಳಿದರು, ಅವಳು ಅವರವಳಾಗಿಬಿಟ್ಟಳು. ನಾನು ಹುಡುಕಿದವಳು, ಅವರು ಪಡೆದವರು.

ಈಗ ಮೇಲಿಂದ ನೀನು, ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಶಿವಮೊಗ್ಗದ ಡಾಕ್ಟರಿಗೆ ನಿಮ್ಮ ಎನ್.ಆರ್.ಪುರವೇ ಹತ್ತಿರ, "ದೊಡ್ಡಮ್ಮ, ನೀನೇ ಇಲ್ಲಿಗೆ ಬಾ" ಅನ್ನುತ್ತೀಯ. ಹೆಣ್ಣು ಕೊಟ್ಟ ಮನೆಯಲ್ಲಿ ಹೋಗಿ ತಿಂಗಳುಗಟ್ಟಲೆ ಕೂತು ಉಣ್ಣುವುದಕ್ಕೆ ಆಗುತ್ತದಾ? ಇಲ್ಲಿ ನಾನು ನಿನ್ನ ಅಮ್ಮನ ಹತ್ತಿ ಸೀರೆಗಳನ್ನು ಹರಿದು, ಅಂಚು ಮಡಚಿ, ಮಗುವಿಗೆ ಮೆತ್ತನೆ ಬಟ್ಟೆ ಹೊಲಿದಿಟ್ಟಿದ್ದೇನೆ. ಹಾಡುಗಳನ್ನೂ ಹೊಂದಿಸಿಟ್ಟಿದ್ದೇನೆ. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಳ್ಳುವಾಗ ಟಯರ್ ಅಂಗಡಿಯವನು, ನೀರು ಹಾಕುವಾಗ ಜಾರ್ಜಿಯಾದ ಅಣ್ಣತಮ್ಮಂದಿರು, ಮಗು ಎಷ್ಟು ಅತ್ತರೂ ಅವರ ಗಂಟಲನ್ನು ಮೀರಿಸಲಾರದು. ಧೂಪ ಹಿಡಿದು ತೊಟ್ಟಿಲಿಗೆ ಹಾಕಿದ ಮೇಲೆ ಮಾರೆತ್. ಇದನ್ನೆಲ್ಲ ಶಾಂತಕ್ಕನ ಮನೆಯಲ್ಲಿ ಅವರನ್ನು ಕೇಳಿ ಮಾಡಬೇಕಾ? ಶಿವರಾತ್ರಿ ಕಳೆದ ಮೇಲೆ ನವೀನ ನಿನ್ನನ್ನು ಕಾರಿನಲ್ಲಿ ಮೆಲ್ಲಗೆ ಇಲ್ಲಿಗೆ ಕರೆದುಕೊಂಡು ಬರಲಿ. ನನ್ನ ಮಾತು ಇಷ್ಟೇ.

ನವೀನನಿಗೆ ಆಶೀರ್ವಾದ. ಶಾಂತಕ್ಕನಿಗೆ ನಮಸ್ಕಾರ ಹೇಳು. ಹೇಳದಿದ್ದರೂ ನಡೆಯುತ್ತದೆ. ಬೇಡ, ಹೇಳು, ಇಲ್ಲದಿದ್ದರೆ ನನ್ನದೇ ಮರ್ಯಾದೆ ಹೋಗುವುದು. ಒಳಗಿರುವ ಕಂದನಿಗೆ ಶೃಂಗೇರಿ ಶಾರದೆ ಒಳ್ಳೆಯ ಗಂಟಲು ಕೊಡಲಿ, ನಿನಗೆ ಸುಖ ಹೆರಿಗೆಯಾಗಲಿ.

ನಿನ್ನ ದೊಡ್ಡಮ್ಮ,
ತುಂಗಮ್ಮ

ಪುಟ್ಟಿ, ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ, ಅಂಚೆಯವರು ಚೀಲ ಕಟ್ಟುವ ಹೊತ್ತಾಯಿತು. ಡಾಕ್ಟರ್ ಹತ್ತಿರ ಇರುವುದೇ ಸರಿ, ನೀನು ಅಲ್ಲೇ ಇರು. ನಾನು ಇಲ್ಲಿ ಹಟ ಹಿಡಿದು ಕೂತರೆ, ಅಲ್ಲಿ ತೊಟ್ಟಿಲ ಪಕ್ಕ ಶಾಂತಕ್ಕ ಒಬ್ಬರೇ ಕೂತು ಮಾರೆತ್‌ಳ ಹಾಡು ಹಾಕುತ್ತಾರೆ. ಎಲ್ಲ ಸಹಿಸಿಕೊಂಡೇನು, ಅದೊಂದನ್ನು ಸಹಿಸಲಾರೆ. ಬರುತ್ತೇನೆ. ಆದರೆ ನಾನಾಗಿ ಬಂದ ಹಾಗೆ ಆಗಬಾರದು. ಶಾಂತಕ್ಕನೇ ಫೋನ್ ಮಾಡಿ ಕರೆಯಲಿ. ನಾನು ಒಂದೆರಡು ಸಲ ಬೇಡ ಅನ್ನುತ್ತೇನೆ, ಅವರು ಅಷ್ಟಕ್ಕೇ ಫೋನ್ ಇಡದ ಹಾಗೆ ನೀನು ಪಕ್ಕದಲ್ಲಿ ಕೂತು ನೋಡಿಕೋ. ಮತ್ತೆ ಆ ಹುಡುಗಿಯ ಹತ್ತಿರ ಮಾತಾಡಲು ಯಾವ ಗುಂಡಿ ಒತ್ತಬೇಕು ಅಂತ ಬಂದ ದಿನವೇ ತೋರಿಸಿಕೊಡು, ಶಾಂತಕ್ಕ ಸ್ನಾನಕ್ಕೆ ಹೋದಾಗ.